ಕಾರ್ಡೆಲ್‌ನ ಜಡೆ ಕತ್ತರಿಸಿದ ಭಾನುವಾರ

ಲವಾಂಡಾ ಹಿತ್ತಲಲ್ಲಿ ಮಾಟ ಮಾಡುತ್ತಾಳೆಂಬ ಮಾತು ಆ ಬೇಸಿಗೆಯಲ್ಲಿ ನಮ್ಮ ಬೀದಿಯನ್ನೆಲ್ಲ ಸುತ್ತಿತು. ಮಗನನ್ನು ತಡೆದು ನಿಲ್ಲಿಸಿದ ಪೊಲೀಸನ ಹೆಸರು ಹೇಳಿ ತಗಡಿನ ಡಬ್ಬಿಯಲ್ಲಿ ಏನನ್ನೋ ಸುಟ್ಟಳಂತೆ. ಅದರ ಕಮಟು ವಾಸನೆ ಚರ್ಚಿನವರೆಗೂ ಬಂದಿತ್ತಂತೆ.

ಸುಟ್ಟದ್ದು ನಿಜ. ಆದರೆ ಅದು ಮಗನ ಕೂದಲು. ಕತ್ತರಿಸಿದ ಕೂದಲನ್ನು ಹಾಗೇ ಬಿಸಾಡಿದರೆ ಹಕ್ಕಿ ಗೂಡಿಗೆ ಒಯ್ಯುತ್ತದೆ, ಕೂದಲಿನವರನ್ನು ತಲೆನೋವು ಬಿಡುವುದಿಲ್ಲ ಎಂದು ಮಿಸಿಸಿಪ್ಪಿಯಿಂದ ಬಂದ ನಮ್ಮ ಅಜ್ಜಿಯರೆಲ್ಲ ಹೇಳುತ್ತಲೇ ಸತ್ತರು. ಕಪ್ಪುಜನರೇ ಹೆಚ್ಚಾಗಿರುವ ಸೇಂಟ್ ಲೂಯಿಸ್‌ನ ಈ ಉತ್ತರ ಭಾಗದಲ್ಲಿ ಅದನ್ನು ಪಾಲಿಸುವ ಮನೆಗಳು ಇನ್ನೂ ಇವೆ.

ಲವಾಂಡಾಳ ಗಂಡ ಡಾರಿಲ್ ಆ ವರ್ಷದ ಏಪ್ರಿಲ್‌ನಲ್ಲಿ ಕೊರೋನಾದಿಂದ ತೀರಿಕೊಂಡಿದ್ದ. ಮಣ್ಣಿಗೆ ಬಂದದ್ದು ಎಂಟೇ ಜನ. ವೃದ್ಧಾಶ್ರಮದಲ್ಲಿ ನೆಲ ಒರೆಸುತ್ತಿದ್ದ ಲವಾಂಡಾ ಮನೆಗೆ ಬಂದು, ಬಾಗಿಲಲ್ಲೇ ಬಟ್ಟೆ ಬದಲಿಸಿದ ಮೇಲೂ ಮಕ್ಕಳನ್ನು ಮುಟ್ಟಲು ಹೆದರುತ್ತಿದ್ದಳು. ರಜೆಯ ಭಾನುವಾರ ಮಾತ್ರ ಆ ಹೆದರಿಕೆಗೂ ರಜೆ. ಮುಂಬಾಗಿಲಿನ ಮೆಟ್ಟಿಲ ಮೇಲೆ ಕೂತು, ಮಂಡಿಗಳ ನಡುವೆ ಮೊದಲು ಆರು ವರ್ಷದ ಇಮಾನಿಯನ್ನು, ಅನಂತರ ಹನ್ನೊಂದರ ಕಾರ್ಡೆಲ್‌ನನ್ನು ಕೂರಿಸಿಕೊಂಡು, ನೆತ್ತಿಗೆ ಎಣ್ಣೆ ಹಚ್ಚಿ, ತಲೆಗಂಟಿದಂತೆ ಸಾಲುಜಡೆ ಹೆಣೆಯುತ್ತಿದ್ದಳು. ಮುಖ ಕಾಣದ ಆ ಹೊತ್ತಿನಲ್ಲಿ ಕಾರ್ಡೆಲ್ ವಾರವಿಡೀ ನುಂಗಿಕೊಂಡದ್ದನ್ನೆಲ್ಲ ಹೇಳುತ್ತಿದ್ದ. ಅಪ್ಪನ ಕುರಿತು ಅವನು ಮಾತಾಡುತ್ತಿದ್ದುದು ಅಲ್ಲಿ ಮಾತ್ರ.

ಜೂನ್‌ನಲ್ಲಿ ಅವನು ಒಮ್ಮೆಲೇ ಎತ್ತರವಾದ. ಹಾಲು ತರಲು ಹೋದವನನ್ನು ಬೀದಿಯ ಮೂಲೆಯಲ್ಲಿ ಪೊಲೀಸರು ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಅವರು ಹುಡುಕುತ್ತಿದ್ದವನಿಗೂ ಜಡೆಯಿತ್ತಂತೆ. ಮರುದಿನ ಭಾನುವಾರ. ಅವನು ಎಂದಿನಂತೆ ಎಣ್ಣೆಯ ಡಬ್ಬಿ ತಂದು ಕೂತ. ಲವಾಂಡಾಳ ಕೈಯಲ್ಲಿ ಕತ್ತರಿಯಿತ್ತು.

ಎದುರುಮನೆಯ ಮಿಸ್ ಅರ್ನೆಟಾ ಅಲ್ಲಿಂದಲೇ ಕೂಗಿದರು: “ಏ ಹುಡುಗಿ, ಕತ್ರಿ ಕೆಳಗಿಡೇ! ಕೂದ್ಲು ತೆಗೆದ್ರೆ ಮೈಬಣ್ಣಾನೂ ಉದುರತ್ತಾ?”

“ನಿಮ್ಮ ಮಕ್ಳು ಬದುಕಿ ದೊಡ್ಡೋರಾಗಿದಾರೆ, ಮಿಸ್ ಅರ್ನೆಟಾ. ನನ್ನೋನಿಗಿನ್ನೂ ಹನ್ನೊಂದು.”

“ಹಂಗಾದ್ರೆ ಎತ್ತರಾನೂ ಒಂದು ಗೇಣು ಕತ್ರಿಸ್ಬಿಡು!”

ಕಾರ್ಡೆಲ್ ನಗಲಿಲ್ಲ. “ಬೇಡಮ್ಮಾ. ಇದು ಅಪ್ಪ ಮುಟ್ಟಿದ್ ಕೂದ್ಲು,” ಎಂದ.

“ಸುಮ್ನೆ ಕೂತ್ಕೋ ಕಂದ. ಕೂದ್ಲು ಹೆಂಗೂ ಬೆಳೆಯತ್ತೆ. ನೀನು ಬೆಳೀಬೇಕಲ್ಲ.”

ಒಂದೆಳೆಯನ್ನೂ ಬಿಡದೆ ಆರಿಸಿ ಅವಳು ಹಿತ್ತಲಲ್ಲಿ ಸುಟ್ಟಳು. ಎರಡು ವಾರದ ಬಳಿಕ ಬೀದಿಯ ಅದೇ ಮೂಲೆಯಲ್ಲಿ ಪೊಲೀಸರು ಅವನನ್ನು ಮತ್ತೆ ನಿಲ್ಲಿಸಿದರು. ಈ ಸಲ ಅವರು ಹುಡುಕುತ್ತಿದ್ದವನೂ ಅವನಂತೆ ಕೆಂಪು ಅಂಗಿ ತೊಟ್ಟಿದ್ದನಂತೆ. ತಾಯಿಗೆ ಅದನ್ನು ಹೇಳಿದ್ದು ಅವನಲ್ಲ, ಜೊತೆಗಿದ್ದ ಇಮಾನಿ. ಅವನಿಗೆ ಹೇಳಿಕೊಳ್ಳುವ ಜಾಗವೇ ಹೋಗಿತ್ತು.

ಮಾಟದ ಮಾತನ್ನು ಲವಾಂಡಾ ಅಲ್ಲಗಳೆಯಲಿಲ್ಲ. ಮಿಸ್ ಅರ್ನೆಟಾ ಕೆಣಕಿದಾಗ, “ಮಾಟ ಅಂತ್ಲೇ ಇಟ್ಕೊಳ್ಳಿ. ಫಲಿಸ್ಲಿಲ್ಲ, ಅಷ್ಟೆ,” ಎಂದಳು.

ಈಗ ಕಾರ್ಡೆಲ್‌ಗೆ ಹದಿಮೂರು. ಕೂದಲು ಹೆಣೆಯುವಷ್ಟು ಬೆಳೆದಿದೆ. ಪಕ್ಕದ ಬೀದಿಯ ಹುಡುಗಿಯೊಬ್ಬಳಿಂದ ಹೆಣೆಸಿಕೊಂಡು ಬರುತ್ತಾನೆ. ಭಾನುವಾರ ಲವಾಂಡಾ ಇಮಾನಿಯ ಜಡೆ ಮುಗಿಸಿದ ಮೇಲೂ ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕದೆ ಇನ್ನೊಂದು ತಾಸು ಮೆಟ್ಟಿಲ ಮೇಲೆ ಕೂತಿರುತ್ತಾಳೆ.