ಕಮಾನಿಗೆ ಕಟ್ಟಿದ ತೊಟ್ಟಿಲು

ಫೋಂಡಾದ ಹತ್ತಿರ ನಮ್ಮ ಕಡೆಯ ಕೂಲಿ ಹೆಂಗಸರಿಗೆ ಸುಡದ ಮಣ್ಣಿಟ್ಟಿಗೆಯಲ್ಲಿ ಕಮಾನು ಕಟ್ಟುವುದನ್ನು ಕಲಿಸಿದವನು ನಾನೇ. "ಕೆಳಗಿನ ಕಟ್ಟಿಗಿ ಆಧಾರ ತಗದ್ರೂ, ಮ್ಯಾಲ ಆನಿ ನಿಂತ್ರೂ ಬೀಳಂಗಿಲ್ಲ!" ಎಂದು ಎದೆ ತಟ್ಟಿಕೊಂಡು ಚಹಾಕ್ಕೆ ಹೋದೆ.

ತಿರುಗಿ ಬಂದು ನೋಡಿದರೆ, ಇಟ್ಟಿಗೆ ಸಂದಿಗೆ ತುಂಬಿದ ಮಣ್ಣು ಇನ್ನೂ ಹಸಿ. ಅಷ್ಟರಲ್ಲೇ ಆ ಹೆಂಗಸರಲ್ಲಿ ಒಬ್ಬಳಾದ ಶಾಂತವ್ವ ಆಧಾರದ ಕಟ್ಟಿಗೆ ಕಿತ್ತು, ಅದೇ ಕಮಾನಿಗೆ ಸೀರೆ ಕಟ್ಟಿ ತನ್ನ ಕೂಸನ್ನು ತೂಗುತ್ತಿದ್ದಾಳೆ!

"ಯವ್ವಾ ಶಾಂತವ್ವ, ತಲಿ ಕೆಟ್ಟೈತೇನ? ಮದ್ಲ ಕೂಸು ತಗಿ!"

"ಯಾಕ್ರಿ ಮಾಸ್ತರ? ನಮ್ಮ ಕೂಸು ಆನಿಗಿಂತ ಭಾರ ಐತೇನ್ರಿ? ಈಗರ ಮಲಗೈತಿ, ಒದರಬ್ಯಾಡ್ರಿ."

ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು. ಆಡಿದ ಮಾತನ್ನು ಅವರೆದುರು ನುಂಗುವುದು ಹೇಗೆ? ಕೂಸು ಏಳುವವರೆಗೂ ಕಮಾನಿಗೆ ಎರಡೂ ಕೈ ಕೊಟ್ಟು ನಿಂತೆ. ಕೇಳಿದವರಿಗೆ, "ಗಟ್ಟಿ ಐತೇನು ನೋಡಾಕತ್ತೇನಿ" ಎಂದೆ.

ಕಮಾನು ಇವತ್ತಿಗೂ ನಿಂತಿದೆ. ಕಲಿಸಿದವನು ಯಾರು, ಹೇಳಿ! ಆನೆಯ ಮಾತನ್ನು ಮಾತ್ರ ಅಂದಿಗೇ ಬಿಟ್ಟೆ.