ನಾಲಾ ಬಾಯಿಯ ಕರಿ ಮಣ್ಣು

ನಮ್ಮೂರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ. ಮದುವೆ ಗಿದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಹೊಲ ನೋಡಿಕೊಂಡು ಇರುವವಳು ನಾನು. ಬೇಸಿಗೆಯಲ್ಲಿ ಕೆರೆ ಬತ್ತಿದ ಕೂಡಲೇ ಇಲ್ಲಿ ಒಂದೊಂದು ಮನೆಯವರು ತಮ್ಮ ತಮ್ಮ ಪಾಲಿನ ಹೂಳು ಅಗೆದು ಹೊಲಕ್ಕೆ ಹಾಕಿಕೊಳ್ಳುತ್ತಾರೆ. ನಮ್ಮ ಪಾಲು ನಾಲಾ ಬಂದು ಕೆರೆ ಸೇರುವ ಬಾಯಲ್ಲಿದೆ. ಅಲ್ಲಿಯ ಮಣ್ಣು ಬೆಣ್ಣೆಯಷ್ಟು ನುಣುಪು, ಕಾಡಿಗೆಯಷ್ಟು ಕಪ್ಪು. ಅದಕ್ಕಾಗಿ ನಮ್ಮಜ್ಜ ಇಬ್ಬರ ತಲೆ ಒಡೆದಿದ್ದನಂತೆ. ಮನೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ.

ಹಿಂದೆಲ್ಲ ಹೂಳು ಅಗೆದರೆ ಬಸವನಹುಳು, ಎರೆಹುಳು ಎದ್ದು ಬರುತ್ತಿದ್ದವು. ಕೊಕ್ಕರೆಗಳು ಟ್ರ್ಯಾಕ್ಟರಿನ ಬೆನ್ನು ಬಿಡುತ್ತಿರಲಿಲ್ಲ. ಹೋದ ಬೇಸಿಗೆ ಒಂದು ಹುಳುವೂ ಇಲ್ಲ, ಒಂದು ಕೊಕ್ಕರೆಯೂ ಇಲ್ಲ. "ಈ ಸಲ ಮಣ್ಣು ಭಾಳ ಚೊಕ್ಕ ಅದ" ಅಂದ ಅಣ್ಣ. ಹೌದೆಂದು ತಲೆಯಾಡಿಸಿದೆ. ಎಂಥ ಪೆದ್ದರು ನಾವು! ನಾಲಾದ ಮೇಲ್ಗಡೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು ವರ್ಷಗಟ್ಟಲೆ ಹೊಗೆ ಉಗುಳಿತ್ತು. ಅದರ ಬೂದಿಯೂ ಹೊಲಸು ನೀರೂ ಹರಿದು ಬಂದು ಕೂತದ್ದು ನಮ್ಮ ಪಾಲಿನಲ್ಲೇ. ಕೆರೆ ತುಂಬಿದ್ದಾಗ ಮೇಲೆ ನೀರು ತಿಳಿಯಾಗಿ ಕಾಣುತ್ತಿತ್ತು, ತಳದ ಚಿಂತೆ ಯಾರಿಗಿತ್ತು?

ಮೊದಲು ಹೋದದ್ದು ಎಮ್ಮೆ. ಹೂಳು ಹಾಕಿದ ಹೊಲದಲ್ಲೇ ಮೇಯುತ್ತಿತ್ತು. ಒಂದು ಬೆಳಿಗ್ಗೆ ಅದಕ್ಕೆ ಕಣ್ಣು ಕಾಣದಾಯಿತು. ಕರಕರ ಹಲ್ಲು ಕಡಿಯುತ್ತ ಕೊಟ್ಟಿಗೆಯ ಗೋಡೆಗೆ ತಲೆ ಜಜ್ಜಿಕೊಂಡಿತು. ಕೊಂಬು ಮುರಿದು ರಕ್ತ ನಮ್ಮ ಮುಖಕ್ಕೆ ಚಿಮ್ಮಿತು. ಹಗ್ಗ ಹಾಕಿ ಎಳೆದರೂ ನಿಲ್ಲದೆ, ಕಾಲು ಬಡಿಯುತ್ತಲೇ ಸತ್ತಿತು. ದನದ ಡಾಕ್ಟರು ಅದರ ಹೊಟ್ಟೆ ಕೊಯ್ದು ನೋಡಿ, ನಮ್ಮ ಮಣ್ಣನ್ನೂ ಪರೀಕ್ಷೆಗೆ ಒಯ್ದರು. ಆಮೇಲೆ ಫೋನು ಬಂತು: "ಸೀಸ ರೀ ಅದು. ನಿಮ್ಮ ಮಣ್ಣಿನಾಗೂ ತುಂಬ್ಯಾದ."

ಫೋನು ಕೈಯಲ್ಲಿದ್ದಂತೆಯೇ ನನಗೆ ವೈನಿಯ ನೆನಪಾಯಿತು. ಅಣ್ಣನ ಹೆಂಡತಿಗೆ ಆಗ ಐದು ತಿಂಗಳು. ನಮ್ಮಲ್ಲಿ ಬಸುರಿಯರಿಗೆ ಮಣ್ಣಿನ ಬಯಕೆ. ಕೆರೆ ಮಣ್ಣನ್ನು ಬಿಲ್ಲೆ ತಟ್ಟಿ, ಒಲೆಯಲ್ಲಿ ಸುಟ್ಟು ತಿನ್ನುತ್ತಾರೆ. ಅಣ್ಣ ಅಕ್ಕರೆಯಿಂದ ದಿನವೂ ತಂದು ಕೊಡುತ್ತಿದ್ದ, ನಮ್ಮ ಪಾಲಿನದೇ, ಅದರಲ್ಲೂ ಆರಿಸಿ ಕಪ್ಪನೆಯದೇ.

ಅಡುಗೆಮನೆಗೆ ಓಡಿದೆ. ವೈನಿಯ ಬಾಯಿ ಆಡುತ್ತಿತ್ತು. ಜಡೆ ಹಿಡಿದು ತಲೆ ಹಿಂದಕ್ಕೆಳೆದು ಗಂಟಲಿನವರೆಗೆ ಬೆರಳು ಹಾಕಿದೆ. ಅವರು ಕಚ್ಚಿದರು. ಚರ್ಮ ಹರಿಯಿತು, ನಾನು ಬಿಡಲಿಲ್ಲ. ಮಣ್ಣು, ಜೊಲ್ಲು, ನನ್ನ ರಕ್ತ ಎಲ್ಲ ಕೂಡಿ ಅವರ ಸೀರೆಯ ಮೇಲೆ ಬಿತ್ತು. ಕೂಗು ಕೇಳಿ ನುಗ್ಗಿದ ಅಣ್ಣ ಹಿಂದು ಮುಂದು ನೋಡದೆ ನನ್ನ ಕೆನ್ನೆಗೆ ಬಾರಿಸಿದ.

"ಬಸುರಿ ಹೆಣ್ಮಗಳಿಗಿ ಹೊಡ್ಯಾಕತ್ತಿಯೇನು? ತಲಿ ಕೆಟ್ಟದೇನು ನಿಂದು?"

"ವಿಷ ಅಣ್ಣಾ ಅದು! ಎಮ್ಮಿ ಸತ್ತದ್ದು ಈ ಮಣ್ಣಿನಿಂದಾನೇ!"

ಡಾಕ್ಟರ ಬಾಯಿಂದಲೇ ಕೇಳುವ ತನಕ ಅವನು ನಂಬಲಿಲ್ಲ. ಕೇಳಿದ ಮೇಲೆ ಕೊಡಲಿ ಹಿಡಿದು ಶೆಡ್ಡಿಗೆ ನಡೆದ. ಶೆಡ್ಡಿನವರು ಯಾವಾಗಲೋ ತಗಡು ಸಮೇತ ಕಿತ್ತುಕೊಂಡು ಹೋಗಿದ್ದರು. ಉಳಿದ ತಳಪಾಯದ ಮೇಲೆಯೇ ಕೊಡಲಿ ಮೊಂಡಾಗುವಷ್ಟು ಹೊತ್ತು ಕಡಿದು, ಅಂಗೈ ಸುಲಿದುಕೊಂಡು ಬಂದ.

ವೈನಿಯನ್ನು ಹುಮನಾಬಾದಿನ ದವಾಖಾನೆಗೆ ಕರೆದೊಯ್ದೆವು. ರಕ್ತದ ರಿಪೋರ್ಟು ಬಂದ ದಿನ ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಸೀಸ ಭಾಳ ಅದ. ಕೂಸಿಗೂ ಹೋಗಿರ್ತದ. ಎಷ್ಟು ಪೆಟ್ಟಾಗ್ಯಾದ ಅನ್ನೋದು ಹುಟ್ಟಿದ ಮ್ಯಾಲೇ ತಿಳಿಯೋದು."

ಹೊರಗೆ ಬಂದವನೇ ಅಣ್ಣ ಗೋಡೆಗೆ ಗುದ್ದತೊಡಗಿದ. "ಯಾರಿಗಿ ಕಡೀಲಿ ನಾ? ಹೇಳ್ರಿ, ಯಾರಿಗಿ ಕಡೀಲಿ?"

ಅವನೆದುರು ಎಂದೂ ದನಿ ಎತ್ತದ ವೈನಿ ಬೆಂಚಿನಿಂದ ಎದ್ದರು. "ದಿನಾ ನಿಮ್ಮ ಕೈಲೇ ತಿನ್ಸಿದ್ರಿ" ಎಂದು ಅವನ ಮುಖಕ್ಕೆ, ಎದೆಗೆ ಎರಡೂ ಕೈಯಿಂದ ಹೊಡೆಯತೊಡಗಿದರು. ತುಟಿ ಒಡೆದು ರಕ್ತ ಬಂತು. ಅಣ್ಣ ಕೈ ಇಳಿಬಿಟ್ಟು ನಿಂತೇ ಇದ್ದ. ಬಿಡಿಸಲು ಬಂದ ಜನರಿಗೆ ನಾನು ಅಡ್ಡ ನಿಂತೆ.

"ಹೊಡೀಲಿ ಬಿಡ್ರಿ" ಅಂದೆ.