ಎರಿಯಾಕಿ ಸುಗಲಮ್ಮನ ವಿಳಾಸ

ಸುಗಲಮ್ಮನಿಗೂ ನನಗೂ ಪರಿಚಯವಾದದ್ದು ಜಗಳದಿಂದ. ಮೊಮ್ಮಗ ನಿಶಾಂತ ಹುಟ್ಟಿದಾಗ ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಯಾರೋ ಆಕೆಯನ್ನು ನಮ್ಮ ಕಾಚಿಗುಡದ ಮನೆಗೆ ಕಳಿಸಿದ್ದರು. ನೀರು ತೀರ ಬಿಸಿಯಾಯಿತೆಂದು ನಾನು ಬಚ್ಚಲ ಬಾಗಿಲಲ್ಲಿ ನಿಂತು ಉಪದೇಶ ಶುರು ಮಾಡಿದೆ. ಸರಕಾರಿ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು ನಾನು; ದಿನಕ್ಕೊಂದು ಉಪದೇಶ ಮಾಡದಿದ್ದರೆ ಊಟ ಸೇರುವುದಿಲ್ಲ. ಆಕೆ ತಲೆ ಕೂಡ ಎತ್ತಲಿಲ್ಲ.

"ಬಾಯಾರ, ಜಳಕ ನಿಮಗಲ್ಲ, ಕೂಸಿಗೆ. ನೀವು ಹೊರಗ ನಡೀರಿ."

ನಾನೇನು ನಡೆಯಲಿಲ್ಲ. ಅಲ್ಲೇ ನಿಂತು ಹುಳುಕು ಹುಡುಕುತ್ತಿದ್ದೆ. ಆಕೆ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಬೋರಲು ಮಲಗಿಸಿ, ಮೊಳಕೈಯಿಂದ ನೀರು ನೋಡಿ, ತಂಬಿಗೆಯಿಂದ ಬೆನ್ನಿನ ಮೇಲೆ ಸಣ್ಣಗೆ ಧಾರೆ ಬಿಟ್ಟಳು. ಆಸ್ಪತ್ರೆಯಿಂದ ಬಂದಾಗಿನಿಂದ ಅಳುತ್ತಲೇ ಇದ್ದ ಕೂಸು ಆಕಳಿಸಿತು. ಕಲ್ಲಿನಂಥ ಒರಟು ಕೈ ಆಕೆಯದು. ಆ ಕೈ ಕೂಸಿನ ಮೈಮೇಲೆ ಹೋದ ಕಡೆಯೆಲ್ಲ ಅದರ ಮೈ ಸಡಿಲಾಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿ ಮುಚ್ಚಿಸಿದವರು ಈ ಹೈದರಾಬಾದಿನಲ್ಲಿ ಬಹಳ ಜನ ಇಲ್ಲ.

ರಾಯಚೂರು ಕಡೆಯ ಸುಗಲಮ್ಮ ಮದುವೆಯಾಗಿ ಬಾಲಾನಗರಕ್ಕೆ ಬಂದವಳು. ಗಂಡ ಲೇತ್ ಮಷೀನಿನ ಕೆಲಸದವನು, ಬೇಗ ತೀರಿಕೊಂಡ. ಎರೆಯುವ ಕೆಲಸ ಅತ್ತೆಯಿಂದ ಬಂದದ್ದು. ಒಂದು ಮನೆಯವರು ಇನ್ನೊಂದು ಮನೆಗೆ ಹೇಳುತ್ತಿದ್ದರು, ಕೆಲಸ ನಡೆಯುತ್ತಿತ್ತು. ಈಗ ಹೇಳುವ ಅಜ್ಜಿಯರು ಒಬ್ಬೊಬ್ಬರಾಗಿ ಹೋದರು. ಹೊಸ ತಾಯಂದಿರು ಫೋನಿನಲ್ಲಿ ಹುಡುಕುತ್ತಾರೆ. ಫೋನು ಏಜೆನ್ಸಿಗಳನ್ನು ತೋರಿಸುತ್ತದೆ. ಈ ವರ್ಷ ಶ್ರಾವಣ ಕಳೆದರೂ ಆಕೆಗೆ ಒಂದು ಕೂಸೂ ಸಿಕ್ಕಿರಲಿಲ್ಲ.

"ದೀಪಾವಳಿ ತನಕ ನೋಡ್ತೀನ್ರಿ," ಅಂದಳು ಒಂದು ದಿನ ನಮ್ಮ ಪಡಸಾಲೆಯಲ್ಲಿ ಕುಳಿತು. "ಆಮ್ಯಾಲ ಕಾರ್ಖಾನಿ ಕ್ಯಾಂಟೀನಿನಾಗ ಭಾಂಡಿ ತಿಕ್ಕಾಕ ಹೋಗ್ತೀನಿ. ಕಾಂಟ್ರಾಕ್ಟರ್‌ಗ ಮಾತು ಕೊಟ್ಟೇನಿ. ಆದ್ರ ಬಾಯಾರ, ಸೋಡಾಪುಡಿ ತಿಕ್ಕಿದ ಕೈ ಮತ್ತ ಕೂಸಿನ ಮ್ಯಾಲೆ ಇಡಾಕ ಬರಂಗಿಲ್ಲ."



ಆಕೆಯ ಅಳಿಯ ಬಸು ಆಟೋ ಓಡಿಸುತ್ತಾನೆ. ಒಳ್ಳೆಯ ಹುಡುಗ, ಅವಸರದವ. ಅತ್ತೆಗೆ ಸಹಾಯ ಮಾಡಲೆಂದು ಸಿಗ್ನಲ್ಲಿನಲ್ಲಿ ನಿಂತ ಹೊತ್ತಿನಲ್ಲೇ ಅಂಗಡಿಗಳ ಪಟ್ಟಿ ಕೊಡುವ ಮೂರು ವೆಬ್‌ಸೈಟುಗಳಿಗೆ ಆಕೆಯನ್ನು ಸೇರಿಸಿಬಿಟ್ಟ. ಒಂದರಲ್ಲಿ ಶುಗರ್ ಅಮ್ಮ, ಇನ್ನೊಂದರಲ್ಲಿ ಸುಗುಣಮ್ಮ, ಮೂರನೆಯದರಲ್ಲಿ ಬರೀ ಬಾಡಿ ಮಸಾಜ್. ಫೋನು ಬರತೊಡಗಿತು. ಸುಗಲಮ್ಮನಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತು. ಹೀಗಾಗಿ ಒಂದು ಸಂಭಾಷಣೆ ನಾನೂ ಕೇಳಿದೆ.

"ಮಸಾಜ್ ಕರ್ತೇ ಕ್ಯಾ?" ಗಂಡು ದನಿ.

"ಹೌ, ಕರ್ತೀ. ಬಚ್ಚೇ ಕೀ ಉಮರ್ ಕಿತ್ತೀ?" ಕೂಸಿನ ವಯಸ್ಸು ಕೇಳಿದಳು ಸುಗಲಮ್ಮ.

"ಬಚ್ಚಾ ನಹೀಂ ಅಮ್ಮಾ, ಮೈ ಹೀ. ಬತ್ತೀಸ್ ಸಾಲ್."

ಕೂಸಿಗಲ್ಲ, ಮೂವತ್ತೆರಡು ವರ್ಷದ ಅವನಿಗೇ ಬೇಕಂತೆ! ಸುಗಲಮ್ಮ ಫೋನನ್ನೇ ನೋಡಿದಳು. ಆಮೇಲೆ ಅಪ್ಪಟ ಕನ್ನಡದಲ್ಲಿ, "ಬತ್ತೀಸ ವರ್ಷದ ಕೂಸಿಗೆ ನಾ ಎರಿಯಂಗಿಲ್ಲೋ ಭಾಡ್ಯಾ!" ಎಂದು ಕೂಗಿ ಫೋನನ್ನು ದಿವಾನದ ಮೇಲೆ ಒಗೆದಳು. ನಾನು ನಕ್ಕೆ. ಆಕೆ ನಗಲಿಲ್ಲ, ಕಣ್ಣಲ್ಲಿ ನೀರು ಬಂದಿತ್ತು.

ಆಗ ನನ್ನ ಸೊಸೆ ಧನಶ್ರೀ ನಡುವೆ ಬಂದಳು. ಅಂಗಡಿ, ಆಸ್ಪತ್ರೆಗಳನ್ನು ಫೋನಿನ ಹುಡುಕಾಟದಲ್ಲಿ ಮೇಲಕ್ಕೆ ತರುವುದೇ ಮಾದಾಪುರದ ಆಫೀಸಿನಲ್ಲಿ ಅವಳ ಕೆಲಸ. ಅದೂ ಒಂದು ಕೆಲಸವೇ ಎಂದು ನಾನು ಎಷ್ಟೋ ಸಲ ಚುಚ್ಚಿದ್ದುಂಟು.

"ವರನ್ನ ವಿಚಾರಸೋ ಹಂಗ ಅದು, ಅತ್ತೀ," ಅಂದಳು. "ಗೂಗಲ್ ನಾಕು ಮನಿಯಾಗ ಕೇಳ್ತದ. ಒಬ್ಬರು ಬ್ಯಾಂಕಿನಾಗ ಇದ್ದಾನ ಅಂದು, ಇನ್ನೊಬ್ಬರು ಕಿರಾಣಿ ಅಂಗಡಿ ಅಂದ್ರ ಸಂಬಂಧ ಮುರೀತು. ನಾಕೂ ಮನಿಯವರು ಒಂದೇ ಹೆಸರು, ಒಂದೇ ವಿಳಾಸ, ಒಂದೇ ನಂಬರ್ ಹೇಳಬೇಕು. ಆವಾಗ ನಂಬ್ತದ, ಮ್ಯಾಲೆ ಕೂಡಸ್ತದ."

ಬಸು ಮಾಡಿದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆಯಬೇಕಾಯಿತು. ವಿಳಾಸಕ್ಕೇ ಒಂದು ಮಹಾಯುದ್ಧ ನಡೆಯಿತು. ಸುಗಲಮ್ಮ ಬೇವಿನ ಗಿಡದ ಹಿಂದೆ ಎಂದಳು. ಆ ಗಿಡ ಕಡಿದು ಎಷ್ಟೋ ಕಾಲವಾಗಿತ್ತು. ಬಸು ಫ್ಲೈಓವರಿನ ಕೆಳಗೆ ಎಂದ. ನಾನು ಮನೆ ನಂಬರ್ ಎಂದೆ, ಗೆದ್ದೆ. ಆದರೆ ಹೆಸರಿನ ವಿಷಯದಲ್ಲಿ ಸುಗಲಮ್ಮ ಯಾರ ಮಾತಿಗೂ ಬಗ್ಗಲಿಲ್ಲ.

"ಬೇಬಿ ಮಸಾಜ್ ಅಂತ ಹಾಕೋಣು," ಅಂದಳು ಧನಶ್ರೀ. "ಎಲ್ಲಾರೂ ಅದನ್ನೇ ಹುಡುಕ್ತಾರ."

"ನಾ ಮಸಾಜಿನಾಕಿ ಅಲ್ಲ. ನಾ ಎರಿಯಾಕಿ. ನಮ್ಮತ್ತಿ ಎರಿಯಾಕಿ, ಆಕಿ ಅತ್ತೀನೂ ಎರಿಯಾಕಿ. ಹಂಗs ಬರಿ."

"ಆ ಶಬ್ದ ಈ ಊರಾಗ ಯಾರೂ ಹುಡುಕೂದಿಲ್ಲ, ಸುಗಲಮ್ಮ."

"ಹುಡುಕದಿದ್ರ ಬಿಡಲಿ."

ಧನಶ್ರೀ ಉಸಿರುಬಿಟ್ಟು ಎಲ್ಲ ಸೈಟುಗಳಲ್ಲೂ ಒಂದಕ್ಷರ ಆಚೀಚೆ ಆಗದಂತೆ "ಎರಿಯಾಕಿ ಸುಗಲಮ್ಮ" ಎಂದು ಬರೆದಳು, ಇಂಗ್ಲಿಷ್ ಅಕ್ಷರದಲ್ಲೂ ಕನ್ನಡದಲ್ಲೂ. ಒಂದು ಸೈಟು ತಾನೇ ಜಾಣತನ ತೋರಿಸಿ ಅದನ್ನು ಟೆರಿಯಾಕಿ ಎಂದು ತಿದ್ದಿ, ಜಪಾನಿ ಹೋಟೆಲುಗಳ ಸಾಲಿಗೆ ಸೇರಿಸಿ, ಹೆಸರಿನ ಪಕ್ಕದಲ್ಲಿ ಕೋಳಿ ತುಂಡಿನ ಚಿತ್ರ ಅಂಟಿಸಿತು. ಕೊರಳಲ್ಲಿ ಲಿಂಗ ಕಟ್ಟಿದ ಸುಗಲಮ್ಮ ಅದನ್ನು ನೋಡಿ, "ಸೂಗೂರೇಶಾ!" ಎಂದು ತನ್ನ ಕಡೆಯ ದೇವರನ್ನು ಕರೆದು ಎರಡೂ ಕೆನ್ನೆಗೆ ಬಡಿದುಕೊಂಡಳು. ಧನಶ್ರೀ ಆ ಸೈಟಿನವರಿಗೆ ಬರೆದೂ ಬರೆದೂ ಕೋಳಿಯನ್ನು ಓಡಿಸಿದಳು. ಹಳೆಯ ತಾಯಂದಿರಿಂದ ನಾಲ್ಕು ಒಳ್ಳೆಯ ಮಾತು ಬರೆಸಿದಳು. ನಾನೂ ಬರೆದೆ: "ಮೊದಲು ಜಗಳವಾಡುತ್ತಾಳೆ, ಆಮೇಲೆ ಎರೆಯುತ್ತಾಳೆ. ಎರಡರಲ್ಲೂ ಮೋಸವಿಲ್ಲ."

ಇಷ್ಟೆಲ್ಲ ಮಾಡಿದರೂ ದೀಪಾವಳಿ ಬಂತು, ಹೋಯಿತು. ಕೂಸು ಬರಲಿಲ್ಲ. ಮರುದಿನ ಕ್ಯಾಂಟೀನಿಗೆ ಸೇರುವುದಿತ್ತು. ಹೇಳಿ ಹೋಗಲು ಸುಗಲಮ್ಮ ನಮ್ಮ ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತಿರುವಾಗ ಆಕೆಯ ಫೋನು ರಿಂಗಾಯಿತು. ಆಕೆ ಮುಟ್ಟಲಿಲ್ಲ, ಮತ್ತೊಬ್ಬ ಬತ್ತೀಸನೇ ಇರಬೇಕೆಂದು. ನಾನೇ ಗುಂಡಿ ಒತ್ತಿದೆ.

"ಎರಿಯಾಕಿ... ಏನ್ರಿ?"

ಸೋತ ಹೆಣ್ಣು ದನಿ, ಹಿಂದೆ ಕೂಸಿನ ಅಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಅವಳ ಹೆಸರು ಸೌಂದರ್ಯಾ. ಗಂಡ ವಿಮಾನ ನಿಲ್ದಾಣದ ನೌಕರ, ಮನೆ ಶಂಶಾಬಾದ್. ಚೊಚ್ಚಲ ಹೆರಿಗೆ. "ನೀ ಹಡದಾಗ ಎರಿಯಾಕಿನ್ನ ಕರಸ್ತೀನಿ ಅಂತಿದ್ಲು ನಮ್ಮವ್ವ. ಆಕಿ ತೀರಿಕೊಂಡ್ಲು. ನನಗ ಬ್ಯಾರೆ ಶಬ್ದ ಗೊತ್ತಿಲ್ರಿ. ಸುಮ್ಮನ ಅದನ್ನs ಹೊಡದು ನೋಡಿದೆ. ಇಡೀ ಹೈದರಾಬಾದಿನಾಗ ನೀವೊಬ್ಬರs ಬಂದ್ರಿ."

ಈ ಊರಲ್ಲಿ ಎಷ್ಟು ಲಕ್ಷ ಜನ, ಎಷ್ಟು ಭಾಷೆ, ಎಷ್ಟು ಗದ್ದಲ! ಅದರ ನಡುವೆ ತೀರಿಹೋದ ತಾಯಿಯೊಬ್ಬಳ ಬಾಯಿಯ ಮಾತು ಯಾವ ತಂತಿ ಹಿಡಿದು ಬಂದು ನಮ್ಮ ಚಹಾದ ಕಪ್ಪಿನ ಪಕ್ಕ ಕುಳಿತಿತು? ದೇವರ ಲೀಲೆ ಅಂತಾರೆ. ನನ್ನ ಸೊಸೆಯ ಕೆಲಸ ಅದು. ಅಂದಿನಿಂದ ನಾನು ಅವಳನ್ನು ಚುಚ್ಚಿಲ್ಲ.

ಬಸುವಿನ ಆಟೋದಲ್ಲೇ ಹೊರಟೆವು. ಶಂಶಾಬಾದಿನ ಹೊಸ ಅಪಾರ್ಟ್‌ಮೆಂಟಿನ ಬಚ್ಚಲಲ್ಲಿ ಮಣೆಯೂ ಇರಲಿಲ್ಲ, ಹಂಡೆಯೂ ಇರಲಿಲ್ಲ. ಸುಗಲಮ್ಮ ಬಕೆಟ್ಟಿನ ನೀರನ್ನು ಮೊಳಕೈಯಿಂದ ನೋಡಿ, ನೆಲದ ಮೇಲೇ ಕಾಲು ಚಾಚಿದಳು. ಸಣ್ಣ ಕೂಸು, ಕೆಂಪಗೆ, ಅತ್ತು ಅತ್ತು ದನಿ ಬಿದ್ದಿತ್ತು. ಆ ಕಲ್ಲಿನ ಕೈ ಬೆನ್ನಿನ ಮೇಲೆ ಒಮ್ಮೆ ಹೋಯಿತು, ಇನ್ನೊಮ್ಮೆ ಹೋಯಿತು. ಅಳು ನಿಂತಿತು. ಬಾಗಿಲಲ್ಲಿ ಒರಗಿ ನಿಂತಿದ್ದ ಸೌಂದರ್ಯಾ ಸೆರಗು ಬಾಯಿಗೆ ಹಿಡಿದಳು.

ಕೂಸನ್ನು ಒರೆಸಿ ಸುತ್ತಿ ನನ್ನ ಕೈಗೆ ಕೊಟ್ಟ ಮೇಲೂ ಸುಗಲಮ್ಮ ಏಳಲಿಲ್ಲ.

"ನೀರು ಇನ್ನೂ ಐತಿ. ಬಾ."

"ಯಾರು?" ಎಂದಳು ಸೌಂದರ್ಯಾ.

"ನೀನs. ಎರಿಯಾಕಿ ಅಂತ ಕರದು, ಬಾಣಂತಿನ್ನ ಹಂಗs ಬಿಟ್ಟು ಹೋದ್ರ ನಿಮ್ಮವ್ವ ನನ್ನ ಸುಮ್ಮನ ಬಿಡ್ತಾಳೇನು? ಎಷ್ಟು ವಯಸ್ಸು ನಿಂದು?"

"ಇಪ್ಪತ್ತೆಂಟು."

"ಸಣ್ಣ ಕೂಸs ಐತಿ. ಬಾ."

ಈ ಸಲ ನಾನು ಯಾರೂ ಹೇಳದೆ ಹೊರಗೆ ನಡೆದು ಬಾಗಿಲು ಮುಂದೆ ಮಾಡಿದೆ. ಒಳಗೆ ಮೊದಲ ತಂಬಿಗೆ ನೀರಿನ ಸಪ್ಪಳವಾಯಿತು. ಅದರ ಹಿಂದೆಯೇ ಸೌಂದರ್ಯಾಳ ಅಳು, ಬಹಳ ದಿನ ತಡೆದು ಹಿಡಿದದ್ದು. ತೋಳಲ್ಲಿ ಕೂಸು ನಿದ್ದೆ ಹೋಗಿತ್ತು. ಬಸು ಫೋನು ಹಿಡಿದು ಬಂದು, ಅತ್ತೆ ನಾಳೆ ಕ್ಯಾಂಟೀನಿಗೆ ಬರುತ್ತಾಳೋ ಇಲ್ಲವೋ ಎಂದು ಕಾಂಟ್ರಾಕ್ಟರ್ ಕೇಳುತ್ತಿದ್ದಾನೆ, ಏನು ಹೇಳಲಿ ಎಂದ.

"ಎರಿಯಾಕ ಹೋಗ್ಯಾಳ ಅಂತ ಹೇಳು," ಎಂದೆ.